ನೌಕರಿ ತಾಣಗಳು ಮತ್ತು ಕನ್ಸಲ್ಟೆನ್ಸಿಗಳು: ಕೆಲಸ ಹುಡುಕುವವರ ಕಡೆಯಿಂದ ಒಂದು ವಿಮರ್ಶೆ

ಕೆಲಸ ಹುಡುಕಿಕೊಡುವ ಸೇವೆಯೊಂದನ್ನು ಅಳೆಯುವಾಗ ಅದರಲ್ಲಿ ಎಷ್ಟು ಲಕ್ಷ ಜಾಹೀರಾತುಗಳಿವೆ, ಅದರ ಆ್ಯಪ್ ಎಷ್ಟು ಚುರುಕಾಗಿದೆ ಎಂಬುದು ನನಗೆ ಮುಖ್ಯವಲ್ಲ. ಅಲ್ಲಿ ಓದಿದ ಕೆಲಸವೂ ಸಂದರ್ಶನದ ಕೋಣೆಯಲ್ಲಿ ಕೇಳಿಬಂದ ಕೆಲಸವೂ ಒಂದೇ ಆಗಿತ್ತೇ ಎಂಬುದೊಂದೇ ನಾನು ಇಲ್ಲಿ ಇಟ್ಟುಕೊಂಡಿರುವ ಅಳತೆ. ನಾನು ಬೆಂಗಳೂರಿನ ಸಣ್ಣ ಸಂಸ್ಥೆಯೊಂದರಲ್ಲಿ ಸಂಬಳ, ಪಿಎಫ್ (ಭವಿಷ್ಯ ನಿಧಿ) ಲೆಕ್ಕ ನೋಡಿಕೊಳ್ಳುವವಳು. ತಿಪಟೂರಿನಲ್ಲಿ ಬಿ.ಕಾಂ ಮುಗಿಸಿದ ನನ್ನ ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಕೆಲಸ ಹುಡುಕಿದಾಗ ಅವಳ ಜೊತೆ ಕುಳಿತು ಈ ತಾಣಗಳನ್ನು ದಿನವೂ ನೋಡಿದ್ದೇನೆ, ಕೆಲವು ಸಂದರ್ಶನಗಳಿಗೆ ಜೊತೆಗೆ ಹೋಗಿ ಹೊರಗೆ ಕಾದಿದ್ದೇನೆ. ಈ ಬರಹ ಹೆಚ್ಚಾಗಿ ಹೊಸದಾಗಿ ಕೆಲಸಕ್ಕೆ ಸೇರುವವರನ್ನು ಗಮನದಲ್ಲಿಟ್ಟುಕೊಂಡದ್ದು. ಹತ್ತು ಹದಿನೈದು ವರ್ಷ ಅನುಭವವಿರುವವರಿಗೆ ಇದರಲ್ಲಿ ಹೊಸದೇನೂ ಸಿಗಲಾರದು.

ಮೊದಲು ಹಣದ ವಿಷಯ. ನೌಕರಿ ಡಾಟ್ ಕಾಮ್ 1997ರಲ್ಲಿ ಶುರುವಾದದ್ದು, ಅದರ ಒಡೆತನ ಇನ್ಫೋ ಎಡ್ಜ್ ಕಂಪನಿಯದು. ಲಿಂಕ್ಡ್‌ಇನ್ 2003ರಲ್ಲಿ ಬಳಕೆಗೆ ಬಂದು 2016ರಲ್ಲಿ ಮೈಕ್ರೋಸಾಫ್ಟ್ ಪಾಲಾಯಿತು. ಎರಡರಲ್ಲಿಯೂ ಕೆಲಸ ಹುಡುಕುವವರು ಪುಕ್ಕಟೆಯಾಗಿ ಹೆಸರು ನೋಂದಾಯಿಸಬಹುದು. ಜಾಹೀರಾತು ಹಾಕುವುದಕ್ಕೂ, ನಮ್ಮ ರೆಸ್ಯೂಮೆಗಳನ್ನು ಜರಡಿ ಹಿಡಿಯುವುದಕ್ಕೂ ಮುಖ್ಯವಾಗಿ ಹಣ ಕೊಡುವವರು ಕಂಪನಿಗಳು ಮತ್ತು ಕನ್ಸಲ್ಟೆನ್ಸಿಗಳು. ನೌಕರಿಯ ರೆಸ್ಡೆಕ್ಸ್ ಎಂಬ ಸೇವೆಯೇ ಇದಕ್ಕೆ ಒಳ್ಳೆಯ ನಿದರ್ಶನ. ಅದಕ್ಕೆ ಹಣ ಕಟ್ಟಿದ ನೇಮಕಾತಿದಾರರು ಜಾಹೀರಾತು ಹಾಕದೆಯೇ ಅಭ್ಯರ್ಥಿಗಳ ವಿವರಗಳನ್ನು ಹುಡುಕಿ ನೇರವಾಗಿ ಕರೆ ಮಾಡಬಹುದು. ಆದ್ದರಿಂದ ತಾಣದ ಗಿರಾಕಿ ನಾವಲ್ಲ. ಇದರಲ್ಲಿ ಮೋಸವೇನೂ ಇಲ್ಲ, ಪತ್ರಿಕೆಗಳ ವರ್ಗೀಕೃತ ಜಾಹೀರಾತೂ ಹೀಗೆಯೇ ನಡೆದುಬಂದದ್ದು. ಆದರೆ ಜಾಹೀರಾತಿನ ಒಂದೊಂದು ಸಾಲನ್ನೂ ಪರಿಶೀಲಿಸಿ ಹಾಕಿರುತ್ತಾರೆ ಎಂಬ ನಂಬಿಕೆ ಮಾತ್ರ ಇಟ್ಟುಕೊಳ್ಳಬಾರದು.

ನೌಕರಿ ಡಾಟ್ ಕಾಮ್ ತಾಣದ ಒಂದು ಗುಣವನ್ನು ಒಪ್ಪಿಕೊಳ್ಳಲೇಬೇಕು. ಜಾಹೀರಾತಿನ ಪುಟದಲ್ಲಿ ಕೊಡುವ ಮಾಹಿತಿಯ ಚೌಕಟ್ಟು ಚೆನ್ನಾಗಿದೆ: ಎಷ್ಟು ಹುದ್ದೆಗಳಿವೆ, ಎಷ್ಟು ದಿನ ಹಿಂದಿನದು, ಎಷ್ಟು ಅರ್ಜಿ ಬಂದಿವೆ, ಹಾಕಿದವರು ಕಂಪನಿಯೋ ಕನ್ಸಲ್ಟೆನ್ಸಿಯೋ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಹಣ ಕೊಟ್ಟರೆ ಕೆಲಸ ಅಥವಾ ಸಂದರ್ಶನ ಕೊಡಿಸುತ್ತೇವೆಂದು ತಾನು ಎಲ್ಲಿಯೂ ಹೇಳುವುದಿಲ್ಲ, ಹಾಗೆ ಕೇಳುವವರಿಂದ ದೂರವಿರಿ ಎಂಬ ಎಚ್ಚರಿಕೆಯನ್ನೂ ತಾಣ ಮುದ್ರಿಸುತ್ತದೆ. ಕೊರತೆಯಿರುವುದು ಸಂಬಳದ ಜಾಗದಲ್ಲಿ. ಸಂಬಳ ಬಹಿರಂಗಪಡಿಸಿಲ್ಲ ಎಂಬ ಸಾಲಿನ ಹಿಂದೆ ಅಡಗಿಕೊಳ್ಳುವ ಅವಕಾಶವನ್ನು ಕಂಪನಿಗಳಿಗೆ ಕೊಟ್ಟಿರುವುದರಿಂದ, ಅಭ್ಯರ್ಥಿಯ ಈಗಿನ ಸಂಬಳ, ನಿರೀಕ್ಷೆಯ ಸಂಬಳ, ನೋಟಿಸ್ ಅವಧಿ ಎಲ್ಲವನ್ನೂ ಮೊದಲೇ ತಿಳಿದುಕೊಂಡ ಕಂಪನಿ ತನ್ನ ಕಡೆಯ ಅಂಕಿಯನ್ನು ಮಾತ್ರ ಕೊನೆಯವರೆಗೂ ಮುಚ್ಚಿಟ್ಟುಕೊಳ್ಳುತ್ತದೆ. ಸಂಬಳ ಬರೆದಿದ್ದರೂ ಅದು ಎರಡರಿಂದ ಆರು ಲಕ್ಷ ಎಂಬಂಥ ಹರವಾದ ಅಂತರವಾಗಿದ್ದರೆ, ಫ್ರೆಶರ್‌ಗಳು ಎರಡನ್ನೇ ನಿಜವೆಂದು ಓದಿಕೊಳ್ಳುವುದು ಕ್ಷೇಮ.

ಇನ್ನು ದಾರಿ ತಪ್ಪಿಸುವ ಜಾಹೀರಾತು ಹೇಗಿರುತ್ತದೆ ಎಂಬುದಕ್ಕೆ ನಾವು ಕಂಡದ್ದನ್ನೇ ಹೇಳುತ್ತೇನೆ. ತಾಣದ ಹೆಸರಾಗಲಿ ಕಂಪನಿಯ ಹೆಸರಾಗಲಿ ಇಲ್ಲಿ ಬೇಡ. ಹುದ್ದೆ ಬ್ಯಾಕ್ ಆಫೀಸ್ ಎಕ್ಸಿಕ್ಯುಟಿವ್. ಬಿ.ಕಾಂ ಫ್ರೆಶರ್‌ಗಳಿಗೆ ಆದ್ಯತೆ, ನಿಗದಿತ ಸಂಬಳ, ಟಾರ್ಗೆಟ್ ಇಲ್ಲ, ಪ್ರತಿಷ್ಠಿತ ಬ್ಯಾಂಕಿಂಗ್ ಸಮೂಹ, ಇಂದೇ ಆಯ್ಕೆ. ಎಲ್ಲವೂ ಸರಿಯಾಗಿ ಕಾಣುವ ಈ ಪಟ್ಟಿಯ ಕೊನೆಯಲ್ಲಿ, ಅರ್ಹತೆಗಳ ಸಾಲಿನಲ್ಲಿ, ದ್ವಿಚಕ್ರ ವಾಹನ ಮತ್ತು ಡ್ರೈವಿಂಗ್ ಲೈಸೆನ್ಸ್ ಇರಬೇಕು ಎಂದು ಬರೆದಿತ್ತು. ಕಂಪ್ಯೂಟರ್ ಮುಂದೆ ಕುಳಿತು ಮಾಡುವ ಕೆಲಸಕ್ಕೆ ಗಾಡಿ ಏಕೆ ಬೇಕೆಂದು ನಾನು ಕೇಳಿದ್ದಕ್ಕೆ ಹುಡುಗಿ, "ಆಫೀಸಿಗೆ ಹೋಗಿ ಬರೋಕೆ ಇರಬಹುದು ಚಿಕ್ಕಮ್ಮ, ಹೋಗಿ ನೋಡ್ತೀನಿ" ಎಂದಳು. ಹೋಗಬೇಡ ಎನ್ನಲು ನನ್ನ ಬಳಿಯೂ ಬೇರೆ ಕಾರಣವಿರಲಿಲ್ಲ.

ರಾಜಾಜಿನಗರದ ಆ ಕಚೇರಿಯ ಮೂರನೆಯ ಮಹಡಿಯಲ್ಲಿ ಒಂದೇ ಹುದ್ದೆಗೆ ಬಂದ ಇಪ್ಪತ್ತು ಮೂವತ್ತು ಮಂದಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿದ್ದರು. ಕೈಗೆ ಕೊಟ್ಟ ಫಾರಂನಲ್ಲಿ ಓದಿನ ವಿವರಕ್ಕೆ ಎರಡು ಸಾಲು, ಪರಿಚಯಸ್ಥರ ಹೆಸರು ಮತ್ತು ಮೊಬೈಲ್ ಸಂಖ್ಯೆಗಳಿಗೆ ಇಡೀ ಒಂದು ಪುಟ. ಒಳಗೆ ಕೇಳಿದ ಪ್ರಶ್ನೆಗಳೂ ಅದೇ ಜಾಡಿನವು. "ಬೆಂಗಳೂರಿನಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಅಪ್ಪ ಏನ್ ಕೆಲಸ ಮಾಡ್ತಾರೆ? ನಿಮ್ಮ ಚಿಕ್ಕಮ್ಮ ಕೆಲಸ ಮಾಡೋ ಕಡೆ ಎಷ್ಟು ಜನ ಇದ್ದಾರೆ? ಮದುವೆ ಯಾವಾಗ?" ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಕುರಿತು ಒಂದು ಪ್ರಶ್ನೆಯೂ ಬರಲಿಲ್ಲ. ವಿಮಾ ಮಾರಾಟ ಬಲ್ಲವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಹೊಸ ಏಜೆಂಟ್ ಮೊದಲು ಪಾಲಿಸಿ ಮಾರುವುದು ತನ್ನ ನೆಂಟರಿಷ್ಟರಿಗೆ. ಆ ಬಳಗವನ್ನು ಅವರು ನ್ಯಾಚುರಲ್ ಮಾರ್ಕೆಟ್ ಎನ್ನುತ್ತಾರೆ, ಮತ್ತು ಆ ಒಂದು ಪುಟದ ಫಾರಂ ಅದರ ಗಣತಿ. ಸಂಬಳ ನಿಗದಿತವೇ ಎಂದು ಕೇಳಿದಾಗ ಮೊದಲು ಐಸಿ-38 ಪರೀಕ್ಷೆ ಪಾಸು ಮಾಡಿ, ಆಮೇಲೆ ಮಾತಾಡೋಣ ಎಂಬ ಉತ್ತರ ಬಂತು. ಐಸಿ-38 ವಿಮಾ ಏಜೆಂಟರಾಗಲು ಬರೆಯಬೇಕಾದ ಪರೀಕ್ಷೆ. ಅದನ್ನು ಪಾಸು ಮಾಡಿದವರಿಗೆ ಸಿಗುವುದು ಕಮಿಷನ್ ಆಧಾರದ ಏಜೆನ್ಸಿಯೇ ಹೊರತು ಸಂಬಳದ ನೌಕರಿಯಲ್ಲ.

ಏಜೆಂಟ್ ವೃತ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದನ್ನೇ ನಂಬಿ ಮಕ್ಕಳನ್ನು ಓದಿಸಿದವರು ನಮ್ಮ ಬಂಧುಗಳಲ್ಲಿಯೇ ಇದ್ದಾರೆ. ಆಕ್ಷೇಪ ಇರುವುದು ಅದನ್ನು ಬ್ಯಾಕ್ ಆಫೀಸ್ ಎಂದು ಕರೆದು ತಿಪಟೂರಿನಿಂದಲೋ ಚನ್ನರಾಯಪಟ್ಟಣದಿಂದಲೋ ಮಕ್ಕಳನ್ನು ಬಸ್ಸು ಹತ್ತಿಸಿ ಕರೆಸಿಕೊಳ್ಳುವುದರ ಬಗ್ಗೆ. ಆ ಜಾಹೀರಾತಿನ ಕೆಳಗಿದ್ದ ದೂರಿನ ಗುಂಡಿ ಒತ್ತಿ ವಿವರವಾಗಿ ಬರೆದೆವು. ಸ್ವಲ್ಪ ದಿನದಲ್ಲಿ ಜಾಹೀರಾತು ಮಾಯವಾಯಿತು. ಆಮೇಲೆ ಎಂಐಎಸ್ ಎಕ್ಸಿಕ್ಯುಟಿವ್ ಎಂಬ ಹೊಸ ಹೆಸರಿನಲ್ಲಿ, ಅದೇ ವಿಳಾಸ, ಅದೇ ಗಾಡಿಯ ಷರತ್ತಿನೊಂದಿಗೆ ಮತ್ತೆ ಬಂತು. ಗುಂಡಿ ಕೆಲಸ ಮಾಡುತ್ತದೆ ಎನ್ನಬಹುದು, ಹಾಕಿದವರ ಖಾತೆಯನ್ನು ಮಾತ್ರ ಅದು ಮುಟ್ಟುವುದಿಲ್ಲ.

ಮದುವೆಯ ಪ್ರಶ್ನೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೆಣ್ಣುಮಕ್ಕಳಿಗೆ ಮಾತ್ರ ಕೇಳುವ ಈ ಪ್ರಶ್ನೆಯನ್ನು ನಮ್ಮಲ್ಲಿ ಲೋಕಾಭಿರಾಮದ ಮಾತು ಎಂಬಂತೆ ಕೇಳುತ್ತಾರೆ. ನೇಮಕಾತಿಯಲ್ಲಿ ಹೆಣ್ಣು ಗಂಡೆಂಬ ತಾರತಮ್ಯ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಪ್ರಶ್ನೆ ಬಂದಾಗ ಜಗಳವಾಡುವುದು ಎಲ್ಲರಿಂದಲೂ ಆಗದು. ಆದರೆ ಕೆಲಸದ ಬಗ್ಗೆ ಎರಡು ಪ್ರಶ್ನೆ ಕೇಳಿ ಮನೆಯ ಬಗ್ಗೆ ಹತ್ತು ಪ್ರಶ್ನೆ ಕೇಳಿದ ಕಡೆ ಸೇರಿದ ಮೇಲೆ ರಜೆ ಕೇಳುವುದು ಹೇಗಿರುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು.

ಸಂದರ್ಶನದಲ್ಲಿ ನಾನು ಗಮನಿಸಲು ಹೇಳುವ ಲಕ್ಷಣಗಳಲ್ಲಿ ಅವಸರ ಮೊದಲನೆಯದು. ಇಂದೇ ಸಹಿ ಹಾಕಿ, ನಾಳೆ ಈ ಆಫರ್ ಇರುವುದಿಲ್ಲ ಎನ್ನುವವರು ಆಫರ್ ಲೆಟರನ್ನು ಮನೆಗೆ ಕೊಂಡೊಯ್ದು ಓದಲು ಬಿಡದಿರುವುದಕ್ಕೆ ಕಾರಣವಿರುತ್ತದೆ. ಈ ಹುದ್ದೆಯಲ್ಲಿ ಮೊದಲಿದ್ದವರು ಏಕೆ ಬಿಟ್ಟರು, ಇದು ಹೊಸ ಹುದ್ದೆಯೇ, ನಾನು ಯಾರಿಗೆ ವರದಿ ಮಾಡಬೇಕು, ವಾರಕ್ಕೆ ಎಷ್ಟು ದಿನ ಕೆಲಸ ಎಂಬ ಸರಳ ಪ್ರಶ್ನೆಗಳಿಗೆ ಎಚ್‌ಆರ್ ಒಂದು ಉತ್ತರ, ವಿಭಾಗದ ಮುಖ್ಯಸ್ಥರು ಇನ್ನೊಂದು ಉತ್ತರ ಕೊಟ್ಟರೆ ಅದನ್ನೂ ಬರೆದಿಟ್ಟುಕೊಳ್ಳಬೇಕು. ನಾವೆಲ್ಲ ಇಲ್ಲಿ ಒಂದೇ ಕುಟುಂಬ ಎಂಬ ಮಾತು ಸಂಬಳದ ಪ್ರಶ್ನೆಗೆ ಉತ್ತರವಾಗಿ ಬಂದರೆ ಅದು ಉತ್ತರವಲ್ಲ. ಪರೀಕ್ಷೆಯ ಹೆಸರಿನಲ್ಲಿ ಕಂಪನಿಯ ನಿಜವಾದ ಕೆಲಸವನ್ನು, ಅಂದರೆ ಇಡೀ ತಿಂಗಳ ಸಾಮಾಜಿಕ ಜಾಲತಾಣದ ಬರಹಗಳನ್ನೋ ಪೂರ್ಣ ವೆಬ್‌ಸೈಟ್ ವಿನ್ಯಾಸವನ್ನೋ ಪುಕ್ಕಟೆಯಾಗಿ ಮಾಡಿಸಿಕೊಳ್ಳುವವರೂ ಇದ್ದಾರೆ. ಒಂದೆರಡು ಗಂಟೆಯಲ್ಲಿ ಮುಗಿಯದ ಪರೀಕ್ಷೆಯನ್ನು ವಿನಯದಿಂದಲೇ ನಿರಾಕರಿಸಬಹುದು. ಇಡೀ ಸಂದರ್ಶನ ವಾಟ್ಸ್ಆ್ಯಪ್ ಅಥವಾ ಟೆಲಿಗ್ರಾಂ ಸಂದೇಶಗಳಲ್ಲಿಯೇ ಮುಗಿದು, ಮುಖ ನೋಡದೆ, ದನಿ ಕೇಳದೆ ಆಯ್ಕೆಯಾದಿರಿ ಎಂದು ತಿಳಿಸಿ, ಲ್ಯಾಪ್‌ಟಾಪ್ ಠೇವಣಿಯೆಂದೋ ಹಿನ್ನೆಲೆ ಪರಿಶೀಲನೆಯ ಶುಲ್ಕವೆಂದೋ ಹಣ ಕೇಳಿದರೆ ಅಲ್ಲಿ ಯೋಚಿಸಲು ಏನೂ ಉಳಿದಿರುವುದಿಲ್ಲ. ಇನ್ಫೋಸಿಸ್, ಟಿಸಿಎಸ್‌ನಂಥ ಕಂಪನಿಗಳು ನೇಮಕಾತಿಗೆ ಹಣ ಪಡೆಯುವುದಿಲ್ಲವೆಂದು ತಮ್ಮ ಜಾಲತಾಣಗಳಲ್ಲಿ ಬರೆದೇ ಇಟ್ಟಿವೆ. ಅವುಗಳ ಲಾಂಛನವನ್ನು ಕದ್ದು ಆಫರ್ ಲೆಟರ್ ತಯಾರಿಸುವವರಿಗೆ ಅದು ತಡೆಯಾಗಿಲ್ಲ ಎಂಬುದು ಬೇರೆ ಮಾತು. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಬೇರೆ ಖಾತೆಗಳಿಗೆ ಹಂಚಿಹೋಗುವ ಮೊದಲು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನನ್ನ ವೃತ್ತಿಗೆ ಹತ್ತಿರವಾದ ವಿಷಯ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಜಾಹೀರಾತಿನಲ್ಲಿ ವರ್ಷಕ್ಕೆ 3.6 ಲಕ್ಷ ಎಂದಿದ್ದರೆ ತಿಂಗಳಿಗೆ 30,000 ಎಂದು ಮನೆಯಲ್ಲಿ ಎಲ್ಲರೂ ಭಾಗಿಸಿ ಸಂತೋಷಪಡುತ್ತಾರೆ. ಒಂದು ಸಾಮಾನ್ಯ ಆಫರ್ ಲೆಟರಿನ ವಿಂಗಡಣೆ ನೋಡಿ. ಮೂಲ ವೇತನ ಅರ್ಧ, ಅಂದರೆ ತಿಂಗಳಿಗೆ 15,000. ಅದರ ಶೇ. 12ರಂತೆ ಕಂಪನಿಯ ಪಾಲಿನ ಪಿಎಫ್ ತಿಂಗಳಿಗೆ 1,800, ವರ್ಷಕ್ಕೆ 21,600. ಇದು ಸಿಟಿಸಿಯ ಒಳಗೇ ಸೇರಿದೆ. ಮೂಲ ವೇತನದ ಶೇ. 4.81ರಂತೆ ಗ್ರಾಚ್ಯುಟಿ, ಅಂದರೆ ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಸಿಗುವ ಹಣ, ವರ್ಷಕ್ಕೆ 8,658. ಕಾಯಂ ನೌಕರರಿಗೆ ಅದು ಸಾಮಾನ್ಯವಾಗಿ ಐದು ವರ್ಷ ಪೂರೈಸಿದ ಮೇಲಿನ ಮಾತು. ಆರೋಗ್ಯ ವಿಮೆಯ ಕಂತು 6,000 ಎಂದುಕೊಳ್ಳೋಣ. ಸಾಧನೆಯನ್ನು ನೋಡಿ ಕೊಡುವ ವೇರಿಯಬಲ್ ಶೇ. 10, ಅಂದರೆ 36,000, ಕೊಟ್ಟರೆ ಕೊಟ್ಟರು. ಇಷ್ಟನ್ನೂ ತೆಗೆದರೆ ಉಳಿಯುವುದು 2,87,742, ತಿಂಗಳಿಗೆ ಸುಮಾರು 23,980. ಅದರಲ್ಲಿ ನೌಕರರ ಪಾಲಿನ ಪಿಎಫ್ ಇನ್ನೊಂದು 1,800 ಕಡಿತ. ಬ್ಯಾಂಕ್ ಖಾತೆಗೆ ಬರುವುದು 22,180ರ ಆಸುಪಾಸು. ಕರ್ನಾಟಕದಲ್ಲಿ ವೃತ್ತಿ ತೆರಿಗೆ 25,000 ಅಥವಾ ಅದಕ್ಕಿಂತ ಹೆಚ್ಚಿನ ಸಂಬಳಕ್ಕೆ ಮಾತ್ರ ಅನ್ವಯಿಸುವುದರಿಂದ ಅದೊಂದು ಇಲ್ಲಿ ಉಳಿಯಿತು. ಮೂವತ್ತು ಸಾವಿರವೆಂದು ನಂಬಿ ಪಿಜಿಗೆ ಮುಂಗಡ ಕೊಟ್ಟವರಿಗೆ ಮೊದಲ ತಿಂಗಳೇ ಎಂಟು ಸಾವಿರ ಖೋತಾ.

ಈ ವಿಂಗಡಣೆಯಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ, ಪಿಎಫ್ ಹಣ ನೌಕರರದ್ದೇ. ತೊಂದರೆ ಇರುವುದು ಇಷ್ಟರಲ್ಲಿ: ತಾಣಗಳ ಸಂಬಳದ ಚೌಕದಲ್ಲಿ ಒಂದೇ ವಾರ್ಷಿಕ ಅಂಕಿಗೆ ಜಾಗವಿದೆ, ಅದರಲ್ಲಿ ನಿಗದಿತ ಭಾಗವೆಷ್ಟು ವೇರಿಯಬಲ್ ಎಷ್ಟು ಎಂದು ಬೇರ್ಪಡಿಸಲು ಯಾರೂ ಒತ್ತಾಯಿಸುವುದಿಲ್ಲ. ಸಂದರ್ಶನದಲ್ಲಿ ಸಿಟಿಸಿ ಎಷ್ಟು ಎಂದು ಕೇಳುವ ಬದಲು, ವೇರಿಯಬಲ್ ಬಿಟ್ಟು ಕೈಗೆ ಎಷ್ಟು ಬರುತ್ತದೆ, ಕಳೆದ ವರ್ಷ ಈ ವಿಭಾಗದಲ್ಲಿ ವೇರಿಯಬಲ್ ಎಷ್ಟು ಭಾಗ ಕೊಟ್ಟಿರಿ ಎಂದು ಕೇಳಬೇಕು. ಎರಡನೆಯ ಪ್ರಶ್ನೆಗೆ ನೇರ ಉತ್ತರ ಕೊಟ್ಟ ಎಚ್‌ಆರ್ ಅಪರೂಪ, ಕೊಟ್ಟವರ ಕಂಪನಿಗೆ ಸೇರಬಹುದು.

ಲಿಂಕ್ಡ್‌ಇನ್‌ನ ಗುಣ ದೋಷಗಳು ಬೇರೆ ಬಗೆಯವು. ಹಲವು ಜಾಹೀರಾತುಗಳಲ್ಲಿ ಹಾಕಿದವರ ಹೆಸರು, ಮುಖ, ಅವರು ಆ ಕಂಪನಿಯಲ್ಲಿ ಎಷ್ಟು ಕಾಲದಿಂದ ಇದ್ದಾರೆ ಎಂಬುದು ಕಾಣುತ್ತದೆ, ಪರಿಶೀಲನೆಯಾದ ಖಾತೆಗೆ ಗುರುತೂ ಇರುತ್ತದೆ. ಅದೇ ಹುದ್ದೆಯಲ್ಲಿದ್ದು ಈಗ ಬಿಟ್ಟವರನ್ನು ಹುಡುಕಿ ಒಂದು ಸಂದೇಶ ಕಳಿಸುವ ಅವಕಾಶವಂತೂ ಬೇರೆ ಯಾವ ತಾಣದಲ್ಲಿಯೂ ಇಷ್ಟು ಸುಲಭವಲ್ಲ, ಮತ್ತು ನಾನು ಕಂಡಂತೆ ಬಿಟ್ಟವರು ಉತ್ತರಿಸುವುದರಲ್ಲಿ ಉದಾರಿಗಳು. ಆದರೆ ನೂರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕುವ ಗುಂಡಿ ಒತ್ತಿದ್ದಾರೆ ಎಂಬ ಸಾಲನ್ನು ನೋಡಿ ಧೈರ್ಯ ಕಳೆದುಕೊಳ್ಳುವವರು ಒಂದನ್ನು ತಿಳಿದಿರಬೇಕು: ಕಂಪನಿಯ ಸ್ವಂತ ಜಾಲತಾಣಕ್ಕೆ ಕಳಿಸುವ ಜಾಹೀರಾತುಗಳಲ್ಲಿ ಆ ಎಣಿಕೆ ಗುಂಡಿ ಒತ್ತಿದವರದು, ಅರ್ಜಿ ತುಂಬಿ ಮುಗಿಸಿದವರದಲ್ಲ.

ಇಲ್ಲಿ ಹೆಚ್ಚು ಕಾಡುವುದು ಯಾರನ್ನೂ ತೆಗೆದುಕೊಳ್ಳುವ ಇರಾದೆಯಿಲ್ಲದೆ ತೆರೆದಿಟ್ಟ ಹುದ್ದೆ. ಮುಂದೆ ಬೇಕಾದಾಗ ಇರಲಿ ಎಂದು ರೆಸ್ಯೂಮೆ ಕೂಡಿಹಾಕುವುದಕ್ಕೆ, ಕಂಪನಿ ಬೆಳೆಯುತ್ತಿದೆ ಎಂದು ತೋರಿಸುವುದಕ್ಕೆ, ಒಳಗಿನವರಿಗೇ ಗೊತ್ತುಮಾಡಿದ ಹುದ್ದೆಗೆ ನಿಯಮದ ಪ್ರಕಾರ ಜಾಹೀರಾತು ಕೊಟ್ಟೆವೆಂದು ದಾಖಲೆ ಮಾಡುವುದಕ್ಕೆ ಇವು ನಡೆಯುತ್ತವೆ. ಮರುಪ್ರಕಟಿತ ಎಂಬ ಚಿಕ್ಕ ಅಕ್ಷರದ ಗುರುತು ತಿಂಗಳ ಮೇಲೆ ತಿಂಗಳು ಅದೇ ಹುದ್ದೆಯ ಪಕ್ಕದಲ್ಲಿ ಕಂಡರೆ, ಒಂದೋ ಅಲ್ಲಿ ಯಾರೂ ನಿಲ್ಲುತ್ತಿಲ್ಲ, ಇಲ್ಲವೇ ಅಲ್ಲಿ ಕೆಲಸವೇ ಇಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯ ಇದಕ್ಕೆ ಕಾನೂನನ್ನೇ ಮಾಡಿದೆ: 2026ರ ಜನವರಿ 1ರಿಂದ ಅಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾರ್ವಜನಿಕ ಜಾಹೀರಾತಿನಲ್ಲಿ ಸಂಬಳದ ವ್ಯಾಪ್ತಿಯನ್ನೂ, ಹುದ್ದೆ ನಿಜವಾಗಿ ಖಾಲಿಯಿದೆಯೇ ಎಂಬುದನ್ನೂ ತಿಳಿಸಬೇಕು. ಟೊರೊಂಟೊ ಕಡೆ ಇರುವ ಕನ್ನಡಿಗರು ಈ ಸಾಲುಗಳಿಲ್ಲದ ಜಾಹೀರಾತನ್ನು ಅನುಮಾನದಿಂದ ನೋಡಬಹುದು. ನಮ್ಮಲ್ಲಿ ಖಾಸಗಿ ಕಂಪನಿಗಳಿಗೆ ಅಂಥ ಕಟ್ಟುಪಾಡಿಲ್ಲ.

ಕಂಪನಿಗಳ ಬಗ್ಗೆ ನೌಕರರೇ ಬರೆಯುವ ಆ್ಯಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್ ತಾಣಗಳು ಉಪಯುಕ್ತ, ಆದರೆ ಅವುಗಳ ಒಡೆತನ ನೆನಪಿರಲಿ. ಆ್ಯಂಬಿಷನ್‌ಬಾಕ್ಸ್ ನೌಕರಿಯ ಒಡೆಯರಾದ ಇನ್ಫೋ ಎಡ್ಜ್‌ನದು, ಗ್ಲಾಸ್‌ಡೋರ್ ಇಂಡೀಡ್ ಎಂಬ ಇನ್ನೊಂದು ಉದ್ಯೋಗ ತಾಣದ ಒಡೆಯರಾದ ಜಪಾನಿನ ರಿಕ್ರೂಟ್ ಸಮೂಹದ್ದು. ಒಟ್ಟು ನಕ್ಷತ್ರಗಳನ್ನು ನೋಡುವುದಕ್ಕಿಂತ ನೀವು ಸೇರುವ ಊರಿನ, ಅದೇ ವಿಭಾಗದ, ಕಳೆದ ಆರು ತಿಂಗಳ ಬರಹಗಳನ್ನು ಓದಿ. ಒಂದೇ ವಾರದಲ್ಲಿ ಒಂದೇ ಧಾಟಿಯ ಹೊಗಳಿಕೆಗಳು ಸಾಲಾಗಿ ಬಂದಿದ್ದರೆ ಎಚ್‌ಆರ್ ವಿಭಾಗ ಬರೆಸಿದೆ ಎಂದೇ ತಿಳಿಯಿರಿ.

ಸರ್ಕಾರಿ ತಾಣಗಳ ವಿಷಯ ಬೇಗ ಮುಗಿಯುತ್ತದೆ. ಕೇಂದ್ರ ಕಾರ್ಮಿಕ ಸಚಿವಾಲಯದ ರಾಷ್ಟ್ರೀಯ ವೃತ್ತಿ ಸೇವೆ 2015ರ ಜುಲೈನಲ್ಲಿ ಹಳೆಯ ಉದ್ಯೋಗ ವಿನಿಮಯ ಕೇಂದ್ರಗಳ ಮುಂದುವರಿಕೆಯಾಗಿ ಬಂದದ್ದು, ರಾಜ್ಯದ ಸ್ಕಿಲ್ ಕನೆಕ್ಟ್ ಕೌಶಲ್ಯಾಭಿವೃದ್ಧಿ ನಿಗಮದ್ದು. ಎರಡರಲ್ಲಿಯೂ ಅಭ್ಯರ್ಥಿಯಿಂದ ಬಿಡಿಗಾಸು ಕೇಳುವುದಿಲ್ಲ. ಐಟಿಐ, ಡಿಪ್ಲೊಮಾ ಓದಿದವರಿಗೆ ಪೀಣ್ಯ, ಬಿಡದಿ, ನರಸಾಪುರ ಕಡೆಯ ಕಾರ್ಖಾನೆ ಕೆಲಸಗಳ ಮಟ್ಟಿಗೆ ನೋಡಲು ಯೋಗ್ಯ, ಬಿ.ಕಾಂ ಹುಡುಗಿಗೆ ಹೆಚ್ಚೇನೂ ಸಿಗಲಿಲ್ಲ. ಸರ್ಕಾರದ ಮುದ್ರೆಯಿದೆ ಎಂದ ಮಾತ್ರಕ್ಕೆ ಅಲ್ಲಿನ ಖಾಸಗಿ ಜಾಹೀರಾತಿನ ಪ್ರತಿ ಸಾಲಿಗೂ ಸರ್ಕಾರ ಜಾಮೀನು ನಿಂತಿದೆ ಎಂದಲ್ಲ.

ಕನ್ಸಲ್ಟೆನ್ಸಿಗಳಲ್ಲಿ ಎರಡು ಜಾತಿ. ಕಂಪನಿಯಿಂದ ಶುಲ್ಕ ಪಡೆದು ಅಭ್ಯರ್ಥಿಯನ್ನು ಹುಡುಕಿಕೊಡುವವರು ಒಂದು. ಇವರು ನಿಮ್ಮಿಂದ ಹಣ ಕೇಳುವುದಿಲ್ಲ, ಏಕೆಂದರೆ ನೀವು ಸೇರಿದ ಮೇಲೆ ಅವರಿಗೆ ಕಂಪನಿಯಿಂದ ಬರುತ್ತದೆ. ಅಭ್ಯರ್ಥಿಯಿಂದಲೇ ಬದುಕುವವರು ಇನ್ನೊಂದು. ನಾವು ಹೋದದ್ದು ಎರಡನೆಯ ಜಾತಿಯ ಕಚೇರಿಗೆ. ಗೋಡೆಯ ತುಂಬ ದೊಡ್ಡ ಕಂಪನಿಗಳ ಲಾಂಛನಗಳು, ಒಂದು ಫೋನು ಇಟ್ಟರೆ ಇನ್ನೊಂದು ಎತ್ತುವ ಇಬ್ಬರು ಹುಡುಗಿಯರು. ನೋಂದಣಿಗೆ 1,500 ಕೇಳಿದರು, ಮೂರು ಸಂದರ್ಶನ ಖಾತ್ರಿ ಎಂದರು. ರಸೀದಿ ಕೊಡಿ ಎಂದಾಗ ಬರೆದುಕೊಟ್ಟ ಚೀಟಿಯಲ್ಲಿ ನೋಂದಣಿಯ ಮಾತೂ ಇರಲಿಲ್ಲ, ಕೆಲಸದ ಮಾತೂ ಇರಲಿಲ್ಲ. ವೃತ್ತಿ ಸಮಾಲೋಚನೆ ಶುಲ್ಕ, ಹಿಂತಿರುಗಿಸಲಾಗುವುದಿಲ್ಲ, ಎಂದಿತ್ತು. ನಾಳೆ ಗ್ರಾಹಕರ ಆಯೋಗಕ್ಕೆ ಹೋದರೂ ಸಮಾಲೋಚನೆ ಮಾಡಿದ್ದೇವೆ ಎಂದು ಹೇಳಿ ಕೈತೊಳೆದುಕೊಳ್ಳಲು ಬೇಕಾದ ಎಚ್ಚರಿಕೆಯೆಲ್ಲ ಆ ಒಂದು ಸಾಲಿನಲ್ಲಿದೆ. ಹಣ ವಾಪಸ್ ಕೇಳಿದಾಗ, "ಮೇಡಂ, ಎಂಟ್ರಿ ಆಗಿಬಿಟ್ಟಿದೆ" ಎಂದರು. ಅವರು ಕಳಿಸಿದ ಸಂದರ್ಶನಗಳು ಯಾರು ಬೇಕಾದರೂ ನೇರವಾಗಿ ಹೋಗಬಹುದಾದ ಕಾಲ್ ಸೆಂಟರ್ ವಾಕ್-ಇನ್‌ಗಳು. ಇಂಥ ಸೇವೆಗೆ ಐದರಲ್ಲಿ ಒಂದು ನಕ್ಷತ್ರವೂ ಹೆಚ್ಚು. ಮಾರತ್ತಹಳ್ಳಿ, ಬಿಟಿಎಂ ಲೇಔಟ್ ಕಡೆಯ ಕೆಲವು ಸಾಫ್ಟ್‌ವೇರ್ ತರಬೇತಿ ಕೇಂದ್ರಗಳು ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎಂದು ಬೋರ್ಡು ಹಾಕುವುದೂ ಇದೇ ವ್ಯಾಪಾರದ ದೊಡ್ಡ ಅಂಕಿಯ ರೂಪ; ಹುದ್ದೆ ಎಂದು ಜಾಹೀರಾತು ಓದಿ ಹೋದವರಿಗೆ ಅಲ್ಲಿ ಕೋರ್ಸಿನ ಶುಲ್ಕದ ಪಟ್ಟಿ ಸಿಗುತ್ತದೆ.

ಇಷ್ಟು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂದು ಬರೆಸಿಕೊಳ್ಳುವ ಬಾಂಡ್ ಬಗ್ಗೆ ಜನರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ: ಬಾಂಡ್ ಮುರಿದರೆ ಜೈಲು ಎಂಬುದೊಂದು, ಬಾಂಡಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ ಎಂಬುದಿನ್ನೊಂದು. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷ ಪೂರೈಸದೆ ಕೆಲಸ ಬಿಟ್ಟ ಅಧಿಕಾರಿಯೊಬ್ಬರು 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಅದು ಸಾರ್ವಜನಿಕ ವಲಯದ ಬ್ಯಾಂಕು, ಮುಕ್ತ ಸ್ಪರ್ಧೆಯ ನೇಮಕಾತಿಗೆ ಆಗುವ ಖರ್ಚನ್ನು ಮುಂದಿಟ್ಟು ವಾದಿಸಿತ್ತು. ಎರಡು ವಾರ ಪಿಪಿಟಿ ತೋರಿಸಿ ಅದನ್ನು ತರಬೇತಿ ಎಂದು ಕರೆದು, 18,000 ಸಂಬಳದ ಫ್ರೆಶರ್‌ನಿಂದ 2 ಲಕ್ಷದ ಚೆಕ್ಕು ಬರೆಸಿಕೊಳ್ಳುವ ಸಣ್ಣ ಕಂಪನಿ ಆ ತೀರ್ಪಿನ ನೆರಳಿನಲ್ಲಿ ನಿಲ್ಲುವುದು ಕಷ್ಟ. ಆದರೂ ಸಹಿ ಹಾಕುವ ಮೊದಲು ಓದಿ ಎಂದೇ ನಾನು ಹೇಳುವುದು, ಏಕೆಂದರೆ ನ್ಯಾಯ ಯಾರ ಕಡೆ ಇದ್ದರೂ ವಕೀಲರ ಶುಲ್ಕ ಇಬ್ಬರ ಕಡೆಯೂ ಇರುತ್ತದೆ. ಅಂಕಪಟ್ಟಿಯ ಮೂಲ ಪ್ರತಿಯನ್ನು ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆ ಮಾತ್ರ ಓದುವುದಕ್ಕೂ ಕೂರಬೇಡಿ. ನೋಡಿ ಹಿಂತಿರುಗಿಸುವುದು ಬೇರೆ, ಬೀರುವಿನಲ್ಲಿಟ್ಟು ಬೀಗ ಹಾಕುವುದು ಬೇರೆ. ಇನ್ನು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕೆಲಸಕ್ಕೆ ಸೇರಿದ ಮೂವತ್ತು ದಿನಗಳೊಳಗೆ ನೇಮಕಾತಿ ಆದೇಶ ಕೊಡಬೇಕು. ಪ್ರೊಬೇಷನ್ ಮುಗಿಯಲಿ ಆಮೇಲೆ ಲೆಟರ್ ಎಂಬ ಮಾತಿಗೆ ಅದರಲ್ಲಿ ಜಾಗವಿಲ್ಲ.

ವಿದೇಶದ ಕೆಲಸದ ಜಾಹೀರಾತುಗಳಲ್ಲಿ ಹಣ ಹೋಗುವುದು ಸಣ್ಣ ನಷ್ಟ. ಥಾಯ್ಲೆಂಡಿನಲ್ಲಿ ಡಿಜಿಟಲ್ ಸೇಲ್ಸ್ ಮತ್ತು ಮಾರ್ಕೆಟಿಂಗ್ ಹುದ್ದೆಯೆಂದು ಕರೆದೊಯ್ದು ಮ್ಯಾನ್ಮಾರ್ ಗಡಿಯ ಮ್ಯಾವಡ್ಡಿಯಲ್ಲಿ ಸೈಬರ್ ವಂಚನೆಯ ಕೂಲಿಗೆ ಹಚ್ಚುತ್ತಾರೆಂದು ವಿದೇಶಾಂಗ ಸಚಿವಾಲಯ 2022ರಲ್ಲಿಯೇ ಎಚ್ಚರಿಸಿತ್ತು. ಭದ್ರತಾ ಸಹಾಯಕರ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಉಕ್ರೇನ್ ಯುದ್ಧದಲ್ಲಿ ಸಿಕ್ಕಿಕೊಂಡ ಯುವಕರಲ್ಲಿ ಕಲಬುರಗಿ ಜಿಲ್ಲೆಯವರೂ ಇದ್ದದ್ದು 2024ರ ಆರಂಭದಲ್ಲಿ ಬೆಳಕಿಗೆ ಬಂತು. ವಿದೇಶಕ್ಕೆ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಅವನ ಹೆಸರು ಸಿಗಬೇಕು, ಅವನು ಪಡೆಯಬಹುದಾದ ಸೇವಾ ಶುಲ್ಕ ಜಿಎಸ್‌ಟಿ ಬಿಟ್ಟು 30,000 ರೂಪಾಯಿ ಮೀರಬಾರದು. ಪ್ರವಾಸಿ ವೀಸಾದಲ್ಲಿ ಮೊದಲು ಹೋಗಿ, ಅಲ್ಲಿ ಬದಲಾಯಿಸಿಕೊಳ್ಳೋಣ ಎಂದರೆ ಪಾಸ್‌ಪೋರ್ಟನ್ನು ಚೀಲದಿಂದ ಹೊರತೆಗೆಯಬಾರದು.

ಹೀಗೆ ಹಣ ಪಡೆಯುವ ಸೇವೆಗಳಿಗಿಂತ ನಮಗೆ ಹೆಚ್ಚು ನೆರವಾದದ್ದು ಕೆಲಸ ಹುಡುಕಲೆಂದು ಮಾಡಿಯೇ ಇರದ ಎರಡು ಸರ್ಕಾರಿ ಪುಟಗಳು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಯಾವುದೇ ನೋಂದಾಯಿತ ಕಂಪನಿಯ ಮೂಲ ವಿವರ ಸಿಗುತ್ತದೆ. ಅದರ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಲ್ಲಿ ರಾಜ್ಯದ ಎರಡಕ್ಷರ ಆದ ಕೂಡಲೇ ಕಂಪನಿ ನೋಂದಣಿಯಾದ ವರ್ಷ ಇರುತ್ತದೆ. ಇಪ್ಪತ್ತು ವರ್ಷದ ಅನುಭವವಿರುವ ಸಂಸ್ಥೆ ಎಂದು ಜಾಹೀರಾತು ಹೇಳಿ ಆ ಜಾಗದಲ್ಲಿ 2023 ಎಂದಿದ್ದರೆ ಸಂದರ್ಶನದಲ್ಲಿ ಅದನ್ನೇ ಕೇಳಬಹುದು. ಇನ್ನೊಂದು, ಭವಿಷ್ಯ ನಿಧಿ ಸಂಘಟನೆಯ ತಾಣದಲ್ಲಿ ಸಂಸ್ಥೆಯ ಹೆಸರಿನಿಂದ ಹುಡುಕುವ ಪುಟ. ಯಾವ ತಿಂಗಳು ಎಷ್ಟು ನೌಕರರ ಪಿಎಫ್ ಕಟ್ಟಿದ್ದಾರೆ, ಯಾವ ದಿನ ಕಟ್ಟಿದ್ದಾರೆ ಎಂಬುದು ಅಲ್ಲಿ ಸಾಲು ಸಾಲಾಗಿ ಇರುತ್ತದೆ. ಐನೂರು ಜನರ ಕಂಪನಿ ಎಂದು ಹೇಳಿಕೊಂಡ ಒಂದು ಸಂಸ್ಥೆಯ ಹೆಸರಿನ ಮುಂದೆ ಮೂವತ್ತರ ಒಳಗಿನ ಸಂಖ್ಯೆಯೂ, ತಿಂಗಳುಗಟ್ಟಲೆ ತಡವಾದ ಪಾವತಿಗಳೂ ಕಂಡಾಗ ನಾವು ಆ ಸಂದರ್ಶನಕ್ಕೆ ಹೋಗಲಿಲ್ಲ. ಮೂಲ ವೇತನ 15,000 ಮೀರಿದ ಕೆಲವರು ಪಿಎಫ್‌ನಿಂದ ಹೊರಗಿರಬಹುದು, ಗುತ್ತಿಗೆ ನೌಕರರು ಬೇರೆ ಸಂಸ್ಥೆಯ ಲೆಕ್ಕದಲ್ಲಿರಬಹುದು, ಆದ್ದರಿಂದ ಆ ಸಂಖ್ಯೆಯನ್ನು ಪೂರ್ಣ ಹಾಜರಿ ಪುಸ್ತಕವೆಂದು ಓದಬಾರದು. ಪಾವತಿಯ ದಿನಾಂಕಗಳಿಗೆ ಮಾತ್ರ ಅಂಥ ನೆಪವಿಲ್ಲ: ಪ್ರತಿ ತಿಂಗಳ ಪಿಎಫ್ ಮರುತಿಂಗಳ 15ರೊಳಗೆ ಕಟ್ಟಬೇಕು, ಅದನ್ನು ಎಳೆದಾಡುವ ಕಡೆ ಸಂಬಳವನ್ನೂ ಎಳೆದಾಡುತ್ತಾರೆ ಎಂಬುದು ಈ ಲೆಕ್ಕಗಳ ನಡುವೆ ಇರುವ ನನ್ನ ಅನಿಸಿಕೆ.

ಕೊನೆಗೆ, ಹಣ ಕಟ್ಟುವ ಯೋಜನೆಗಳು. ನೌಕರಿಯ ಫಾಸ್ಟ್‌ಫಾರ್ವರ್ಡ್ ರೆಸ್ಯೂಮೆ ಬರೆದುಕೊಡುತ್ತದೆ, ನಿಮ್ಮ ವಿವರವನ್ನು ನೇಮಕಾತಿದಾರರ ಕಣ್ಣಿಗೆ ಎತ್ತಿ ತೋರಿಸುತ್ತದೆ. ಲಿಂಕ್ಡ್‌ಇನ್ ಪ್ರೀಮಿಯಂ ಇತರ ಅರ್ಜಿದಾರರೊಡನೆ ಹೋಲಿಕೆ, ಪರಿಚಯವಿಲ್ಲದವರಿಗೂ ಸಂದೇಶ ಕಳಿಸುವ ಸೌಲಭ್ಯ ಕೊಡುತ್ತದೆ. ಹೇಳಿದ್ದನ್ನು ಎರಡೂ ಕೊಡುತ್ತವೆ. ಆದರೆ ಜಾಹೀರಾತೇ ಸುಳ್ಳಾಗಿದ್ದರೆ ಅದರ ಮುಂದಿನ ಸಾಲಿನಲ್ಲಿ ನಿಂತು ಫ್ರೆಶರ್‌ಗೆ ಆಗಬೇಕಾದ್ದು ಏನೂ ಇಲ್ಲ, ಹಾಗಾಗಿ ಓದು ಮುಗಿಸಿ ಈಗಷ್ಟೇ ಹುಡುಕುತ್ತಿರುವವರು ಎರಡಕ್ಕೂ ಹಣ ಕಟ್ಟಬೇಕಿಲ್ಲ. ನಾಲ್ಕೈದು ವರ್ಷ ಅನುಭವವಿದ್ದು ಕಂಪನಿ ಬದಲಾಯಿಸುವವರು ಲಿಂಕ್ಡ್‌ಇನ್‌ನ ಒಂದು ತಿಂಗಳ ಉಚಿತ ಅವಧಿಯನ್ನು, ಬಿಟ್ಟುಹೋದ ನೌಕರರಿಗೆ ಸಂದೇಶ ಕಳಿಸುವುದಕ್ಕೆಂದೇ, ಬಳಸಿಕೊಳ್ಳಬಹುದು. ಕಾರ್ಡಿನ ವಿವರ ಮೊದಲೇ ಪಡೆದು ಅವಧಿ ಮುಗಿದ ಮರುದಿನವೇ ಹಣ ಕಡಿತ ಮಾಡುವುದರಿಂದ ರದ್ದು ಮಾಡುವ ದಿನಾಂಕವನ್ನು ಸೇರಿದ ದಿನವೇ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ.